ಡ್ರೋನು ಊರಿನದಾಗಲಿ, ಹೊಣೆಯೂ ಊರಿನದಾಗಲಿ

ಒಕ್ಕಲುತನದಲ್ಲಿ ಹೊಸ ಯಂತ್ರವೊಂದು ಬಂದಾಗಲೆಲ್ಲ ನಮ್ಮ ಭಾಗದಲ್ಲಿ ಎರಡು ಬಗೆಯ ಮಾತುಗಳು ಹುಟ್ಟುವವು. ಇನ್ನು ಕಷ್ಟವೆಲ್ಲ ಹರಿಯಿತೆಂದು ಕೆಲವರು ಹೇಳುವರು. ಇದರಿಂದ ಹೊಲವೇ ಕೆಡುವದೆಂದು ಬೇರೆ ಕೆಲವರು ಹೇಳುವರು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಉದ್ಯೋಗವನ್ನು ಆರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ಮಾಡಿದಾಗಲೂ, ಕಬ್ಬಿಣವು ಮಣ್ಣಿಗೆ ವಿಷವೆಂಬ ಮಾತು ರೈತರಲ್ಲಿ ಇದ್ದಿತು. ೧೯೧೦ರಲ್ಲಿ ಅವರ ಕಾರಖಾನೆಯು ಕಿರ್ಲೋಸ್ಕರವಾಡಿಯಲ್ಲಿ ನೆಲೆನಿಂತಿತು. ಕಾಲಾಂತರದಲ್ಲಿ ಮಾತು ಅಳಿಯಿತು, ನೇಗಿಲು ಉಳಿಯಿತು. ಅದು ಉಳಿಯಲು ಎರಡು ಕಾರಣಗಳಿದ್ದವು. ಕುಳ ಸವೆದರೆ ಬದಲಿ ಕುಳವು ಸಮೀಪದಲ್ಲಿಯೇ ದೊರೆಯುತ್ತಿತ್ತು. ಮತ್ತು ಆ ನೇಗಿಲು ಉಳುತ್ತಿದ್ದುದು ಅದರ ಒಡೆಯನ ಹೊಲವನ್ನು ಮಾತ್ರ.

ಈಗ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಹೊಲಗಳ ಮೇಲೆ ಹಾರತೊಡಗಿರುವ ಮಾನವರಹಿತ ವಿಮಾನಕ್ಕೆ, ಅಂದರೆ ಡ್ರೋನಿಗೆ, ಈ ಎರಡು ಗುಣಗಳೂ ಇಲ್ಲ. ಕೆಟ್ಟರೆ ಅದನ್ನು ಸರಿಪಡಿಸುವವರು ದೂರದಲ್ಲಿರುವರು. ಅದು ಸುರಿಸಿದ ಔಷಧವು ಬದುವಿನ ಕಲ್ಲನ್ನು ನೋಡಿ ನಿಲ್ಲುವದಿಲ್ಲ. ಆದಕಾರಣ ಈ ಯಂತ್ರವು ಒಬ್ಬ ಜಮೀನುದಾರನ ಸೊತ್ತಾಗಿ ಬರುವದಕ್ಕಿಂತ ಊರಿನ ಸೊತ್ತಾಗಿ, ಊರಿನ ಕಟ್ಟಳೆಗೆ ಒಳಪಟ್ಟು ಬರುವದು ಒಳಿತೆಂಬದು ನನ್ನ ಅಭಿಪ್ರಾಯ. ಊರ ಹಿರಿಯರೂ ಪಂಚಾಯತಿಯ ಪ್ರಮುಖರೂ ಜಮೀನುದಾರರೂ ಇದನ್ನು ಸಾವಧಾನವಾಗಿ ವಿಚಾರಿಸಬೇಕೆಂದು ಈ ಲೇಖನವನ್ನು ಬರೆದಿರುವೆನು.

ಡ್ರೋನು ನಿಮಗೆ ತೀರ ಅಪರಿಚಿತವಾದ ವಸ್ತುವಲ್ಲ. ೨೦೨೦ರ ಏಪ್ರಿಲ್ ೨೪ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗಾವಠಾಣದ ಮನೆ ಜಾಗಗಳನ್ನು ಅಳೆಯಲು ಭಾರತೀಯ ಸರ್ವೇಕ್ಷಣ ಇಲಾಖೆಯವರು ಬಳಸಿದ್ದು ಇದೇ ಜಾತಿಯ ಯಂತ್ರವನ್ನು. ಅದೇ ವರ್ಷ ರಾಜಸ್ಥಾನ, ಗುಜರಾತ ಮೊದಲಾದ ಪ್ರಾಂತಗಳಿಗೆ ಮಿಡತೆಯ ದಂಡು ಬಿದ್ದಾಗ ಎತ್ತರದ ಗಿಡಮರಗಳ ಮೇಲೆ ಕುಳಿತ ಮಿಡತೆಗಳನ್ನು ಕೊಲ್ಲಲು ಸರಕಾರವು ಡ್ರೋನುಗಳನ್ನು ಕಳುಹಿಸಿತು. ಅಳತೆಯ ಡ್ರೋನು ಕೇವಲ ಚಿತ್ರ ತೆಗೆಯುತ್ತದೆ. ಸಿಂಪರಣೆಯ ಡ್ರೋನು ಸಾಮಾನ್ಯವಾಗಿ ೧೦ ಲೀಟರಿನ ತೊಟ್ಟಿಯನ್ನು ಹೊತ್ತು, ಪೀಕಿನ ಮೇಲೆ ಎರಡು ಮೂರು ಮೀಟರು ಎತ್ತರದಲ್ಲಿ ಹಾರುತ್ತ, ಒಂದು ಎಕರೆಯನ್ನು ಹತ್ತು ನಿಮಿಷದ ಒಳಹೊರಗೆ ಮುಗಿಸುತ್ತದೆ. ಬೆನ್ನಿನ ಪಂಪಿನಿಂದ ಅದೇ ಕೆಲಸಕ್ಕೆ ಒಬ್ಬ ಆಳಿಗೆ ಬಹುತೇಕ ಅರ್ಧ ದಿನ ಹಿಡಿಯುವದು.

ಮೊದಲು ಇದರ ಗುಣವನ್ನು ಹೇಳುವೆನು. ನಮ್ಮ ದೂಧಗಂಗಾ, ವೇದಗಂಗಾ ಮತ್ತು ಕೃಷ್ಣೆಯ ದಂಡೆಗಳಲ್ಲಿ ಕಬ್ಬು ಆರು ಏಳು ತಿಂಗಳು ದಾಟಿತೆಂದರೆ ಅದರೊಳಗೆ ಮನುಷ್ಯನು ಹೊಗುವದು ದುಸ್ತರವು. ಎಲೆಯ ಅಲಗು ಮೈಯನ್ನು ಕೊಯ್ಯುವದು, ಹಾವು ಚೇಳುಗಳ ಭಯ, ಕೆಸರು, ಉಸಿರುಗಟ್ಟುವ ಸೆಕೆ. ಅಂಥಲ್ಲಿ ತಲೆಯ ಮೇಲೆ ಪಂಪನ್ನೆತ್ತಿ ಸಿಂಪಡಿಸುವವನ ಮೈಮೇಲೆಯೇ ಔಷಧವು ಬೀಳುವದು. ೨೦೧೭ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ, ಎತ್ತರಕ್ಕೆ ಬೆಳೆದ ಹತ್ತಿಗೆ ಔಷಧ ಸಿಂಪಡಿಸುತ್ತಿದ್ದ ರೈತರೂ ಕೂಲಿಕಾರರೂ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಸಾವುಗಳನ್ನು ನೆನೆದರೆ, ಮನುಷ್ಯನನ್ನು ಔಷಧದ ಮೋಡದಿಂದ ದೂರ ನಿಲ್ಲಿಸುವ ಯಾವ ಸಾಧನವನ್ನಾದರೂ ಬೇಡವೆನ್ನಲು ಬಾಯಿ ಬಾರದು. ಮೇಲಾಗಿ ಕೂಲಿಯ ಆಳು ಹೊತ್ತಿಗೆ ಸಿಗದ ಈ ದಿನಗಳಲ್ಲಿ, ರೋಗವು ಕಾಣಿಸಿದ ಎರಡು ದಿನಗಳೊಳಗೆ ಐವತ್ತು ಎಕರೆಯ ಸೋಯಾಬೀನಿಗೆ ಸಿಂಪರಣೆ ಮುಗಿಸಬಲ್ಲ ಯಂತ್ರವು ಸಣ್ಣ ಸಹಾಯವಲ್ಲ.

ಆದರೆ ಇದು ಏನನ್ನು ಮಾಡಲಾರದು ಎಂಬದನ್ನೂ ತಿಳಿಯಬೇಕು. ಕಬ್ಬಿನ ಬೇರನ್ನು ತಿನ್ನುವ ಗೊಣ್ಣೆ ಹುಳುವು ಮಣ್ಣಿನೊಳಗಿರುವದು. ಆಕಾಶದಿಂದ ಅದಕ್ಕೆ ಉಪಾಯವಿಲ್ಲ. ಗೋವಿನಜೋಳದ ಸುಳಿಯಲ್ಲಿ ಅಡಗುವ ಸೈನಿಕ ಹುಳುವಿಗೆ ಔಷಧವು ಸುಳಿಯೊಳಗೆ ಇಳಿಯಬೇಕು. ಎಲೆಯ ಮೇಲೆ ಮಂಜಿನಂತೆ ಹರಡಿದರೆ ಸಾಲದು. ೨೦೦೨ರಲ್ಲಿ ಸಾಂಗಲಿ ಭಾಗದಲ್ಲಿ ಕಾಣಿಸಿಕೊಂಡು ನಮ್ಮ ಕಬ್ಬಿನ ಸೀಮೆಯನ್ನೆಲ್ಲ ಬೆಳ್ಳಗೆ ಮಾಡಿದ ಉಣ್ಣೆ ಹೇನನ್ನು ಹಿರಿಯರು ಮರೆತಿರಲಾರರು. ಆಗ ಎತ್ತರದ ಕಬ್ಬಿಗೆ ಔಷಧ ಹೊಡೆಯಲಾಗದೆ ನಾವೆಲ್ಲ ಪೇಚಾಡಿದೆವು. ಕಡೆಗೆ ಆ ಪೀಡೆಯನ್ನು ಹತೋಟಿಗೆ ತಂದದ್ದು ಬಹುಮಟ್ಟಿಗೆ ಡೈಫಾ, ಮೈಕ್ರೋಮಸ್, ಎನ್‌ಕಾರ್ಸಿಯಾ ಎಂಬ ಮಿತ್ರಕೀಟಗಳು. ಇವನ್ನು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಗರಿಗಳ ಸಮೇತ ಒಯ್ದು ಬಿಟ್ಟ ಮೇಲೆ ಹೇನು ಇಳಿಯಿತು. ಆಗ ನಮ್ಮಲ್ಲಿ ಡ್ರೋನುಗಳಿದ್ದಿದ್ದರೆ, ಗಾಬರಿಯಲ್ಲಿ ಊರೂರಿಗೆ ವಿಷವನ್ನು ಸುರಿಸಿ, ಹೇನಿನೊಡನೆ ಈ ಮಿತ್ರರನ್ನೂ ಕೊಲ್ಲುತ್ತಿದ್ದೆವೋ ಏನೋ. ಹಾಗೆಯೇ ಸೋಯಾಬೀನಿನ ತುಕ್ಕು ರೋಗಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿ.ಎಸ್.ಬಿ. ೨೧ ಎಂಬ ನಿರೋಧಕ ತಳಿಯನ್ನು ಕೊಟ್ಟಿದೆ. ಬೀಜದಿಂದ ತಪ್ಪಿಸಬಹುದಾದ ರೋಗಕ್ಕೆ ವಿಮಾನದ ಖರ್ಚೇಕೆ? ಸಿಂಪರಣೆ ಸುಲಭವಾಯಿತೆಂಬ ಕಾರಣದಿಂದಲೇ ಸಿಂಪರಣೆಯನ್ನು ಹೆಚ್ಚಿಸಿದರೆ ಯಂತ್ರದ ಲಾಭವು ಔಷಧದ ಅಂಗಡಿಗೆ ಹೋಗುವದಲ್ಲದೆ ರೈತನಿಗೆ ದಕ್ಕದು.

ಇನ್ನು ಈ ಯಂತ್ರಗಳನ್ನು ಮಾಡುವವರ ವಿಷಯ. ಮನುಷ್ಯನಿಲ್ಲದ ವಿಮಾನದಿಂದ ಬೆಳೆಗೆ ಔಷಧ ಸಿಂಪಡಿಸುವ ಕೆಲಸವನ್ನು ಜಪಾನಿನ ಯಮಾಹಾ ಕಂಪನಿಯು ೧೯೮೦ರ ದಶಕದಲ್ಲಿಯೇ ಸಣ್ಣ ಹೆಲಿಕಾಪ್ಟರುಗಳಿಂದ ಆರಂಭಿಸಿತು. ಅಲ್ಲಿಯ ಬತ್ತದ ಗದ್ದೆಗಳಲ್ಲಿ ಅದು ನೆಲೆಗೊಂಡಿತು. ಚೀನದ ಶೆಂಜೆನ್ ನಗರದಲ್ಲಿ ೨೦೦೬ರಲ್ಲಿ ಹುಟ್ಟಿದ ಡಿ.ಜೆ.ಐ. ಎಂಬ ಕಂಪನಿಯು ನಾಲ್ಕು, ಆರು ರೆಕ್ಕೆಗಾಲಿಗಳ ಅಗ್ಗದ ಡ್ರೋನುಗಳನ್ನು ಲೋಕದ ತುಂಬ ಹರಡಿತು. ಭಾರತ ಸರಕಾರವು ೨೦೨೧ರ ಆಗಸ್ಟಿನಲ್ಲಿ ಡ್ರೋನ್ ನಿಯಮಗಳನ್ನು ಹೊರಡಿಸಿತು. ೨೦೨೨ರ ಫೆಬ್ರುವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳನ್ನು ಮಾತ್ರ ತರಲು ಎಡೆಗೊಟ್ಟಿತು. ಇದರಿಂದ ದೇಶದ ಕಂಪನಿಗಳಿಗೆ ಬೆಂಬಲ ದೊರೆಯಿತು. ಗುರುಗ್ರಾಮದ ಐಯೋಟೆಕ್‌ವರ್ಲ್ಡ್ ಕಂಪನಿಯ ಸಿಂಪರಣೆಯ ಡ್ರೋನಿಗೆ ೨೦೨೨ರ ಜೂನಿನಲ್ಲಿ, ಈ ನಿಯಮಗಳ ಮೇರೆಗೆ ಮೊದಲನೆಯ ಮಾದರಿ ಪ್ರಮಾಣಪತ್ರವು ಸಿಕ್ಕಿತು. ಚೆನ್ನೈಯ ಗರುಡಾ ಏರೋಸ್ಪೇಸ್ ಮತ್ತು ದಕ್ಷಾ, ಹೈದರಾಬಾದಿನ ಮಾರುತ್, ನಮ್ಮ ಬೆಂಗಳೂರಿನ ಜನರಲ್ ಏರೋನಾಟಿಕ್ಸ್ ಇವೂ ಕೃಷಿ ಡ್ರೋನುಗಳನ್ನು ಮಾಡುವ ಕಂಪನಿಗಳು. ೨೦೦೭ರಲ್ಲಿ ಹುಟ್ಟಿದ ಮುಂಬಯಿಯ ಐಡಿಯಾಫೋರ್ಜ್, ಬೆಂಗಳೂರಿನ ಆಸ್ಟೀರಿಯಾ ಮೊದಲಾದವು ಮುಖ್ಯವಾಗಿ ಸೈನ್ಯಕ್ಕೂ ಕಾವಲಿಗೂ ಅಳತೆಗೂ ಬೇಕಾದವನ್ನು ಮಾಡುವವು.

ನಮ್ಮ ದೇಶದಲ್ಲಿಯೇ ಇಂಥ ಉದ್ಯಮ ಬೆಳೆಯುವದು ಸಂತೋಷದ ಸಂಗತಿ. ಆದರೆ ಕೊಳ್ಳುವವನು ಒಂದು ಮಾತನ್ನು ಮರೆಯಬಾರದು. ಮಾದರಿ ಪ್ರಮಾಣಪತ್ರವೆಂದರೆ ಆ ಯಂತ್ರವು ನೆಟ್ಟಗೆ ಹಾರುವದು, ನೆಟ್ಟಗೆ ಇಳಿಯುವದು, ಹಿಡಿತದಲ್ಲಿರುವದು ಎಂಬದಕ್ಕೆ ಸಾಕ್ಷಿ. ನಿಮ್ಮ ಊರಿನ ಹತ್ತು ಅಡಿ ಎತ್ತರದ ಕಬ್ಬಿನಲ್ಲಿ ಔಷಧವು ಕೆಳಗಿನ ಎಲೆಗೂ ತಲಪುವದೆಂಬದಕ್ಕೆ ಅದು ಸಾಕ್ಷಿಯಲ್ಲ. ಮೂರು ವರ್ಷಗಳ ತರುವಾಯ ಬ್ಯಾಟರಿಯೂ ರೆಕ್ಕೆಯೂ ಸಿಗುವವೆಂಬದಕ್ಕಂತೂ ಅಲ್ಲ. ಕಂಪನಿಯವರು ಪ್ರಾತ್ಯಕ್ಷಿಕೆಗೆ ಬಂದಾಗ ಯಂತ್ರವು ಹಾರುವದನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟುವರು. ಅಂದು ಕೇಳಬೇಕಾದ ಪ್ರಶ್ನೆಗಳು ಬೇರೆ. ದುರಸ್ತಿಯ ಕೇಂದ್ರವು ಎಲ್ಲಿದೆ? ಹಂಗಾಮಿನ ನಡುವೆ ಯಂತ್ರ ಬಿದ್ದರೆ ಎಷ್ಟು ದಿನದಲ್ಲಿ ಸರಿಮಾಡಿ ಕೊಡುವಿರಿ? ಅಲ್ಲಿಯ ವರೆಗೆ ಬದಲಿ ಯಂತ್ರ ಕೊಡುವಿರಾ? ಇದನ್ನು ಕಾಗದದ ಮೇಲೆ ಬರೆದುಕೊಡುವಿರಾ? ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ದೊಡ್ಡ ವಿಮಾನಗಳ ಬಿಡಿಭಾಗಗಳನ್ನು ಮಾಡುವ ಕಾರಖಾನೆಗಳಿವೆ. ಸೂಕ್ಷ್ಮ ಕೆಲಸವನ್ನು ಕಲಿತ ತರುಣರು ನಮ್ಮಲ್ಲಿ ಇಲ್ಲವೆಂದಲ್ಲ. ಹತ್ತಾರು ಊರುಗಳು ಕೂಡಿ ಒಂದೇ ಮಾದರಿಯ ಯಂತ್ರವನ್ನು ಕೊಂಡರೆ ಚಿಕ್ಕೋಡಿಯಲ್ಲಿಯೋ ಅಥಣಿಯಲ್ಲಿಯೋ ದುರಸ್ತಿಯ ಅಂಗಡಿಯನ್ನು ತೆರೆಯಲು ಕಂಪನಿಗೂ ಲಾಭವಾಗುವದು. ಒಬ್ಬೊಬ್ಬರು ಒಂದೊಂದು ಮಾದರಿಯನ್ನು ತಂದರೆ ಎಲ್ಲವೂ ಎರಡು ವರ್ಷಗಳಲ್ಲಿ ದನದ ಕೊಟ್ಟಿಗೆಯ ಅಟ್ಟವನ್ನು ಸೇರುವವು.

ಈಗ ಲೆಕ್ಕವನ್ನು ನೋಡೋಣ. ಉದಾಹರಣೆಗಾಗಿ ಡ್ರೋನು, ಬ್ಯಾಟರಿಗಳು, ಚಾರ್ಜು ಮಾಡುವ ಸಾಧನ ಎಲ್ಲ ಕೂಡಿ ೮ ಲಕ್ಷ ರೂಪಾಯಿ ಎಂದು ಹಿಡಿಯಿರಿ. ಆಯುಷ್ಯವು ೪ ವರ್ಷವೆಂದಿಟ್ಟುಕೊಳ್ಳಿರಿ. ವರ್ಷಕ್ಕೆ ಸವಕಳಿ ೨ ಲಕ್ಷ. ನೂರಕ್ಕೆ ೧೦ರಂತೆ ಬಡ್ಡಿ ೮೦ ಸಾವಿರ. ಪರವಾನಿಗೆ ಪಡೆದ ಚಾಲಕನಿಗೆ ತಿಂಗಳಿಗೆ ೨೦ ಸಾವಿರದಂತೆ ೨ ಲಕ್ಷ ೪೦ ಸಾವಿರ. ಬ್ಯಾಟರಿ ಬದಲಾವಣೆ, ವಾಹನ, ದುರಸ್ತಿ, ವಿಮೆ ಇವಕ್ಕೆ ೧ ಲಕ್ಷ ೮೦ ಸಾವಿರ. ಒಟ್ಟು ವರ್ಷಕ್ಕೆ ೭ ಲಕ್ಷ ರೂಪಾಯಿ. ಎಕರೆಗೆ ೫೦೦ ರೂಪಾಯಿ ಬಾಡಿಗೆಯೆಂದರೆ ಖರ್ಚು ಹೊರಡಲು ವರ್ಷಕ್ಕೆ ೧,೪೦೦ ಎಕರೆ ಸಿಂಪರಣೆ ಆಗಬೇಕು. ಬಾಡಿಗೆ ಯಂತ್ರಗಳ ಕೇಂದ್ರಕ್ಕೆ ೨೦೨೨ರಲ್ಲಿ ಕೇಂದ್ರ ಸರಕಾರವು ಸಾರಿದಂತೆ ನೂರಕ್ಕೆ ೪೦ರ ಸಹಾಯಧನವು ಸಿಕ್ಕಿತೆಂದರೂ ವರ್ಷದ ಖರ್ಚು ೫ ಲಕ್ಷ ೮೮ ಸಾವಿರಕ್ಕೆ ಇಳಿಯುವದು. ಆಗಲೂ ೧,೧೭೬ ಎಕರೆ ಬೇಕು. ನಲವತ್ತು ಎಕರೆಯ ದೊಡ್ಡ ಜಮೀನುದಾರನು ವರ್ಷಕ್ಕೆ ಮೂರು ಸಲ ಸಿಂಪಡಿಸಿದರೂ ೧೨೦ ಎಕರೆಯ ಕೆಲಸವಷ್ಟೆ. ಅಂದರೆ ಅವನಂಥ ಹತ್ತು ಹನ್ನೆರಡು ಜನರು ಕೂಡಿದರೆ ಒಂದು ಡ್ರೋನಿನ ಹೊಟ್ಟೆ ತುಂಬುವದು. ನಿಮ್ಮ ಊರಿನ ದರಗಳು ಬೇರೆಯಿದ್ದರೆ ಆ ಅಂಕಿಗಳನ್ನಿಟ್ಟು ನೀವೇ ಗುಣಿಸಿ ನೋಡಿರಿ, ತಾತ್ಪರ್ಯ ಬದಲಾಗದು. ಸಹಾಯಧನದ ಆಸೆಗೆ ಒಬ್ಬನೇ ಡ್ರೋನನ್ನು ಕೊಳ್ಳುವದು, ಒಂದು ಬಾವಿಗೆ ಹತ್ತು ಪಂಪು ಇಟ್ಟಂತೆಯೇ ಸರಿ.

ಆದಕಾರಣ ಪ್ರಾಥಮಿಕ ಪತ್ತಿನ ಸಹಕಾರಿ ಸಂಘ, ರೈತ ಉತ್ಪಾದಕರ ಸಂಸ್ಥೆ ಅಥವಾ ಮಹಿಳಾ ಸ್ವಸಹಾಯ ಸಂಘ ಇವುಗಳ ಮೂಲಕವೇ ಯಂತ್ರವು ಬರಬೇಕು. ೨೦೨೩ರ ನವೆಂಬರಿನಲ್ಲಿ ಮಂಜೂರಾದ ನಮೋ ಡ್ರೋನ್ ದೀದಿ ಯೋಜನೆಯು ೧೫,೦೦೦ ಮಹಿಳಾ ಸಂಘಗಳನ್ನು ಗುರಿಯಾಗಿಟ್ಟುಕೊಂಡು, ಬೆಲೆಯ ನೂರಕ್ಕೆ ೮೦ರಷ್ಟನ್ನು, ೮ ಲಕ್ಷ ರೂಪಾಯಿ ಮೀರದಂತೆ, ಸಹಾಯಧನವಾಗಿ ಕೊಡುವದೆಂದು ಗೊತ್ತುಮಾಡಿತು. ಹದಿನೈದು ದಿನಗಳ ತರಬೇತಿಯೂ ಅದರಲ್ಲಿ ಸೇರಿದೆ. ಯಂತ್ರವನ್ನು ಸರಕಾರವು ಕೊಡಬಹುದು, ಕೆಲಸವನ್ನು ಊರೇ ಕೊಡಬೇಕು. ಹೆಣ್ಣುಮಕ್ಕಳು ತರಬೇತಿ ಪಡೆದು ಬಂದ ಮೇಲೆ ಜಮೀನುದಾರರು ಅವರನ್ನು ಬಿಟ್ಟು ಪೇಟೆಯಿಂದ ಬೇರೆಯವರನ್ನು ಕರೆಸಿದರೆ ಆ ಯಂತ್ರವು ಪ್ರದರ್ಶನದ ಬೊಂಬೆಯಾಗುವದು.

ಹಣದ ಲೆಕ್ಕಕ್ಕಿಂತ ದೊಡ್ಡದಾದ ಲೆಕ್ಕವೊಂದು ಉಳಿದಿದೆ. ಬೆನ್ನಿನ ಪಂಪಿನಲ್ಲಿ ಎಕರೆಗೆ ೧೫೦ರಿಂದ ೨೦೦ ಲೀಟರು ನೀರಿನಲ್ಲಿ ಕಲಸುವ ಔಷಧವನ್ನು ಡ್ರೋನಿನಲ್ಲಿ ೧೦ ಲೀಟರಿನಲ್ಲಿ ಕಲಸುವರು. ಎಕರೆಯ ಪ್ರಮಾಣವು ಅದೇ. ನೀರು ಮಾತ್ರ ಕಡಿಮೆ. ಆದುದರಿಂದ ಡ್ರೋನಿನಿಂದ ಬೀಳುವ ಒಂದೊಂದು ಹನಿಯೂ ಹದಿನೈದಿಪ್ಪತ್ತು ಪಟ್ಟು ಖಾರವಾದ ಹನಿ. ಅದು ಸಣ್ಣ ಹನಿಯಾಗಿರುವದರಿಂದ ಗಾಳಿಗೆ ಬೇಗ ಹಾರುವದು. ರೆಕ್ಕೆಗಳ ಗಾಳಿಯು ಅದನ್ನು ಕೆಳಕ್ಕೆ ತಳ್ಳುವದು ನಿಜ. ಆದರೆ ಮೃಗಶಿರೆ ಆರಿದ್ರೆಯ ಪಡುವಣ ಗಾಳಿಯ ಮುಂದೆ ಆ ತಳ್ಳುವಿಕೆಯು ನಿಲ್ಲುವದಿಲ್ಲ.

ಇದನ್ನು ನಾನು ಪುಸ್ತಕದಿಂದಲ್ಲ, ಹೊಲದಲ್ಲಿ ಕಲಿತೆನು. ಅಥಣಿ ತಾಲೂಕಿನ ಒಂದು ಗ್ರಾಮದಲ್ಲಿ ನಾನೇ ಮುಂದೆ ನಿಂತು ಡ್ರೋನಿನ ಪ್ರಾತ್ಯಕ್ಷಿಕೆಯನ್ನು ಮಾಡಿಸಿದ್ದೆನು. ಕೆಲವು ತಿಂಗಳ ಮೇಲೆ ಮುಂಗಾರಿನಲ್ಲಿ, ಆ ಊರಿನ ರೈತನೊಬ್ಬನು ಎಳೆಯ ಕಬ್ಬಿನ ಕಳೆಗೆ ೨,೪-ಡಿ ಎಂಬ ಕಳೆನಾಶಕವನ್ನು ಹೊಡೆಯಿಸಲು, ಗಡಿಯಾಚೆಯ ಡ್ರೋನಿನವನೊಬ್ಬನನ್ನು ಫೋನಿನಿಂದ ಕರೆಸಿದನು. ಗಾಳಿಯು ಪಡುವಲಿನಿಂದ ಬೀಸುತ್ತಿತ್ತು. ಮೂಡಲಿಗೆ ದಾಯಾದಿಯ ದ್ರಾಕ್ಷಿಯ ತೋಟವಿತ್ತು. ಎಂಟು ದಿನಗಳೊಳಗೆ ದ್ರಾಕ್ಷಿಯ ಎಳೆ ಎಲೆಗಳು ಬೀಸಣಿಗೆಯಂತೆ ಮುದುಡಿ, ನರಗಳು ಒತ್ತೊತ್ತಾಗಿ ನಿಂತವು. ನನ್ನನ್ನು ಕರೆದರು. ನೋಡಿದ ಕೂಡಲೆ ಕಾರಣವು ಗೊತ್ತಾಯಿತು. ರುಜುವಾತು ಮಾಡಲು ಏನೂ ಸಿಗಲಿಲ್ಲ. ಬಾಡಿಗೆಯನ್ನು ಕೈಯಲ್ಲಿ ಕೊಟ್ಟಿದ್ದರು, ಪಾವತಿಯಿಲ್ಲ. ಯಂತ್ರದ ನೋಂದಣಿಯ ಸಂಖ್ಯೆಯನ್ನು ಯಾರೂ ಬರೆದುಕೊಂಡಿರಲಿಲ್ಲ. ಡಬ್ಬಿಯನ್ನು ಕಾಲುವೆಗೆ ಎಸೆದಿದ್ದರು. ಫೋನು ಹತ್ತಲಿಲ್ಲ. ಕಳೆನಾಶಕದ ಸೋಂಕೆಂದು ತೋರುವದಾಗಿ ನಾನು ವರದಿಯನ್ನು ಬರೆದೆನು. ಆ ವರದಿಯಿಂದ ತೋಟದವನಿಗೆ ಒಂದು ಕಾಸೂ ಬರಲಿಲ್ಲ. ಒಂದೇ ಅಜ್ಜನ ಮೊಮ್ಮಕ್ಕಳಾದ ಆ ಎರಡು ಮನೆಗಳ ನಡುವೆ ಈಗ ಮಾತಿಲ್ಲ. ಪ್ರಾತ್ಯಕ್ಷಿಕೆಯ ದಿನ ಯಂತ್ರದ ವೇಗವನ್ನು ವರ್ಣಿಸಿದ ನಾನು ಗಾಳಿಯ ವಿಷಯವನ್ನು ಒಂದೆರಡು ಮಾತಿನಲ್ಲಿ ಮುಗಿಸಿದ್ದೆನು. ಆ ಲೋಪವು ನನ್ನದು.

ದ್ರಾಕ್ಷಿಯಂತೆಯೇ ನಿಪ್ಪಾಣಿಯ ತಂಬಾಕು, ಹತ್ತಿ, ಟೊಮೇಟೊ ಇವೂ ಈ ಕಳೆನಾಶಕವನ್ನು ತಡೆಯಲಾರವು. ರೇಷ್ಮೆಯ ಹುಳುವಿಗೆ ಹಾಕುವ ಹಿಪ್ಪುನೇರಳೆಯ ಮೇಲೆ ಕೀಟನಾಶಕದ ಸೋಂಕು ತಾಗಿದರೆ ಹುಳುಗಳು ತಟ್ಟೆಯಲ್ಲಿಯೇ ಸಾಯುವವು. ಜೇನುಹುಳುಗಳ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ಒಬ್ಬರ ತೋಟದ ಎಲೆ ಮುದುಡಿದ್ದಕ್ಕೆ ಇಷ್ಟು ಗಾಬರಿಯೇಕೆಂದು ಕೇಳುವವರು ನಮ್ಮ ಕನ್ನಡ ನುಡಿಯುವವರೇ ವಾಸಿಸುವ ಕಾಸರಗೋಡಿನ ಕಡೆಗೆ ನೋಡಬೇಕು. ಅಲ್ಲಿಯ ಎಣ್ಮಕಜೆ, ಪಡ್ರೆ ಮೊದಲಾದ ಗ್ರಾಮಗಳ ನೆರೆಯಲ್ಲಿರುವ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ, ೧೯೭೦ರ ದಶಕದ ಕೊನೆಯಿಂದ ೨೦೦೦ದ ವರೆಗೆ, ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ಗುಡ್ಡದ ಮೇಲೆ ಸಿಂಪಡಿಸಿದ ವಿಷವು ಕಣಿವೆಯ ಮನೆ, ಬಾವಿ, ಸುರಂಗಗಳ ನೀರಿಗೆ ಇಳಿಯಿತು. ಅಂಗವಿಕಲ ಮಕ್ಕಳು, ಬುದ್ಧಿಮಾಂದ್ಯ, ಮೂರ್ಛೆ, ಅರ್ಬುದ ಇವು ಮನೆಮನೆಗಳಲ್ಲಿ ಕಾಣಿಸಿದವು. ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರೂ ಪತ್ರಕರ್ತರಾದ ಶ್ರೀ ಪಡ್ರೆಯವರೂ ಇದನ್ನು ಲೋಕಕ್ಕೆ ತಿಳಿಸಿದರು. ಸರ್ವೋಚ್ಚ ನ್ಯಾಯಾಲಯವು ೨೦೧೧ರ ಮೇ ತಿಂಗಳಲ್ಲಿ ಆ ಔಷಧವನ್ನು ದೇಶಾದ್ಯಂತ ನಿಲ್ಲಿಸಿತು; ೨೦೧೭ರಲ್ಲಿ ನೊಂದವರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಕೆಳಗಿದ್ದವರ ಮಾತು ಮೇಲಿದ್ದವರಿಗೆ ಕೇಳುವಷ್ಟರಲ್ಲಿ ಎರಡು ದಶಕಗಳು ಕಳೆದವು.

ಡ್ರೋನು ಹೆಲಿಕಾಪ್ಟರಲ್ಲ, ಅದು ಬಹು ಎತ್ತರದಿಂದ ಸುರಿಸುವದಿಲ್ಲ, ಗುಡ್ಡಗಳನ್ನು ತೋಯಿಸುವದಿಲ್ಲ. ಇವೆರಡನ್ನು ಸಮನೆಂದರೆ ಅನ್ಯಾಯವಾದೀತು. ಆದರೆ ಪಾಠವು ಒಂದೇ. ಮೇಲಿನಿಂದ ಬೀಳುವ ಔಷಧವು ಯಾವದು, ಎಷ್ಟು, ಎಂದು, ಯಾರು ಸುರಿಸಿದರು ಎಂಬದು ಕೆಳಗಿರುವವನಿಗೆ ತಿಳಿದಿರಬೇಕು. ಬೇಡವೆನ್ನುವ ಅಧಿಕಾರವೂ ಅವನಿಗೆ ಇರಬೇಕು. ಕಾಯಿದೆಯು ದಿಲ್ಲಿಯಲ್ಲಿರುವದು, ಕಂಪನಿಯು ಚೆನ್ನೈಯಲ್ಲಿಯೋ ಗುರುಗ್ರಾಮದಲ್ಲಿಯೋ ಇರುವದು. ಬದುವಿನ ಮೇಲೆ ನಿಲ್ಲುವವರು ಊರಿನವರೇ. ಆದಕಾರಣ ಪ್ರತಿ ಗ್ರಾಮಸಭೆಯು ಈ ಕೆಳಗಿನ ಕಟ್ಟಳೆಗಳನ್ನು ಠರಾವು ಮಾಡಿ ನಡೆಯಿಸಬೇಕೆಂದು ಸೂಚಿಸುವೆನು.

೧. ಕಾಗದ ನೋಡದೆ ಹಾರಿಸಗೊಡಬಾರದು. ಯಂತ್ರಕ್ಕೆ ನೋಂದಣಿಯ ಸಂಖ್ಯೆಯೂ ಮಾದರಿ ಪ್ರಮಾಣಪತ್ರವೂ ಬೇಕು. ಚಾಲಕನು ಹತ್ತನೆಯ ತರಗತಿ ಪಾಸಾಗಿ, ಒಪ್ಪಿಗೆ ಪಡೆದ ಶಾಲೆಯಲ್ಲಿ ಕಲಿತು, ದೂರಚಾಲಕನ ಪ್ರಮಾಣಪತ್ರ ಪಡೆದಿರಬೇಕು. ಅನ್ಯರಿಗೆ ಆಗುವ ಹಾನಿಯ ವಿಮೆಯು ನಿಯಮದಂತೆ ಕಡ್ಡಾಯವಾಗಿದೆ. ಅದರ ಪ್ರತಿಯನ್ನು ಪಂಚಾಯತಿಯು ಇಟ್ಟುಕೊಳ್ಳಬೇಕು. ನಿಯಮ ಮೀರಿದವನಿಗೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡವುಂಟು. ಹಾರಾಟದ ನಿಷೇಧವಿರುವ ಪ್ರದೇಶಗಳ ನಕ್ಷೆಯನ್ನು ಚಾಲಕನು ಮೊದಲು ತೋರಿಸಬೇಕು.

೨. ಔಷಧವನ್ನು ಡಬ್ಬಿಯ ಚೀಟಿ ಓದಿಯೇ ಆರಿಸಬೇಕು. ೨೦೨೨ರಲ್ಲಿ ೪೭೭ ಔಷಧಗಳಿಗೆ ಡ್ರೋನಿನಿಂದ ಸಿಂಪಡಿಸಲು ಎರಡು ವರ್ಷಗಳ ಮಟ್ಟಿಗೆ ಒಪ್ಪಿಗೆ ಕೊಟ್ಟಿದ್ದರು. ಹಳೆಯ ಯಾದಿಯನ್ನು ನಂಬಿ ಕೂಡಬಾರದು. ಸಂಶಯವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು. ಕಬ್ಬು, ಸೋಯಾಬೀನು, ಗೋವಿನಜೋಳ, ತೊಗರಿ, ಹತ್ತಿ ಮೊದಲಾದ ಹತ್ತು ಬೆಳೆಗಳಿಗೆ ಡ್ರೋನ್ ಸಿಂಪರಣೆಯ ಕ್ರಮವನ್ನು ಕೇಂದ್ರ ಕೃಷಿ ಮಂತ್ರಾಲಯವು ೨೦೨೩ರಲ್ಲಿ ಪ್ರಕಟಿಸಿದೆ.

೩. ಹಿಂದಿನ ದಿನವೇ ಸುತ್ತಲಿನ ಹೊಲದವರಿಗೆ ಸುದ್ದಿ ಮುಟ್ಟಬೇಕು. ಡಂಗುರವಾಗಲಿ, ಫಲಕವಾಗಲಿ, ಫೋನಾಗಲಿ, ಸುದ್ದಿ ಮುಟ್ಟಿದರಾಯಿತು. ನೆರೆಯವನ ಹೊಲದಲ್ಲಿ ಆಳುಗಳಿದ್ದಾಗ, ದನಗಳು ಮೇಯುತ್ತಿರುವಾಗ, ಬೆಳೆ ಹೂವಿನಲ್ಲಿದ್ದು ಜೇನುಗಳು ಹಾರುವ ಹೊತ್ತಿನಲ್ಲಿ ಸಿಂಪರಣೆ ಆಗಬಾರದು.

೪. ಮುಂಜಾನೆ ಅಥವಾ ಸಂಜೆ, ಗಾಳಿ ಶಾಂತವಾಗಿರುವಾಗಲೇ ಕೆಲಸ ನಡೆಯಬೇಕು. ಗಾಳಿಯು ಸೆಕೆಂಡಿಗೆ ಮೂರು ಮೀಟರು ಮೀರಿದರೆ, ಅಂದರೆ ಎಲೆಗಳು ಎಡೆಬಿಡದೆ ಅಲುಗಾಡತೊಡಗಿದರೆ, ಯಂತ್ರವನ್ನು ಇಳಿಸಬೇಕು. ಕೈಯಲ್ಲಿ ಹಿಡಿಯುವ ಗಾಳಿಮಾಪಕಕ್ಕೆ ಹೆಚ್ಚು ಬೆಲೆಯಿಲ್ಲ. ಪತ್ತಿನ ಸಂಘದಲ್ಲಿ ಒಂದಿರಲಿ.

೫. ದ್ರಾಕ್ಷಿ, ತಂಬಾಕು, ಹತ್ತಿ, ಕಾಯಿಪಲ್ಲೆ, ಹಿಪ್ಪುನೇರಳೆಗಳ ನೆರೆಯಲ್ಲಿ ೨,೪-ಡಿಯಂಥ ಕಳೆನಾಶಕವನ್ನು ಡ್ರೋನಿನಿಂದ ಹೊಡೆಯಲೇಬಾರದು. ಅಲ್ಲಿ ಕುಂಟೆ, ಕೈಗಳೆಗಳೇ ಲೇಸು. ಊರ ಬಾವಿ, ಕೆರೆ, ಶಾಲೆ, ಅಂಗನವಾಡಿಗಳ ಸುತ್ತ ಎಲ್ಲ ಸಿಂಪರಣೆಗೂ ಅಂತರವನ್ನು ಗ್ರಾಮಸಭೆಯೇ ಗೊತ್ತುಮಾಡಲಿ.

೬. ಎಲ್ಲಕ್ಕೂ ಮೇಲಾಗಿ ಒಂದು ಪುಸ್ತಕವಿರಬೇಕು. ತಾರೀಖು, ಹೊತ್ತು, ಸರ್ವೆ ನಂಬರು, ಬೆಳೆ, ಔಷಧದ ಹೆಸರು, ಪ್ರಮಾಣ, ಗಾಳಿಯ ದಿಕ್ಕು, ಯಂತ್ರದ ಸಂಖ್ಯೆ, ಚಾಲಕನ ಸಹಿ, ಹೊಲದ ಒಡೆಯನ ಸಹಿ. ಈ ಹತ್ತು ಕಲಮುಗಳನ್ನು ಬರೆಯಲು ಐದು ನಿಮಿಷ ಸಾಕು. ಖಾಲಿ ಡಬ್ಬಿಗಳನ್ನು ಎಣಿಸಿ ಸಂಘಕ್ಕೆ ಒಪ್ಪಿ, ಮುಂದೆ ವಿಲೇವಾರಿ ಮಾಡಬೇಕು, ಕಾಲುವೆಗೆ ಎಸೆಯಬಾರದು.

ಇಷ್ಟು ಕಟ್ಟಳೆಗಳಾದರೆ ಡ್ರೋನಿನವರು ನಮ್ಮ ಊರಿಗೆ ಬರುವದನ್ನೇ ಬಿಟ್ಟಾರೆಂದು ಕೆಲವರು ಹೇಳುವರು. ಪುಸ್ತಕದಲ್ಲಿ ಸಹಿ ಹಾಕಲು ಅಂಜುವವನು ಬರದಿದ್ದರೆ ಊರಿಗೆ ನಷ್ಟವಿಲ್ಲ. ನೆಟ್ಟಗೆ ಕೆಲಸ ಮಾಡುವ ಚಾಲಕನಿಗೆ ಈ ಪುಸ್ತಕವೇ ರಕ್ಷಣೆ. ಮಳೆಯಿಂದಲೋ ರೋಗದಿಂದಲೋ ಎಲೆ ಕೆಟ್ಟಾಗ ಅವನ ಮೇಲೆ ಸುಳ್ಳು ಅಪವಾದ ಬರದಂತೆ ಅದು ಕಾಯುವದು. ಒಳ್ಳೆಯ ಕಂಪನಿಗೂ ಅದೇ ಉತ್ತಮ ಜಾಹೀರಾತು. ಕಾಗವಾಡ, ನಿಪ್ಪಾಣಿ, ಅಥಣಿಯ ಗಡಿಯ ಗ್ರಾಮಗಳಿಗೆ ಇದು ಇನ್ನೂ ಹೆಚ್ಚು ಅವಶ್ಯ. ಚಾಲಕನು ಇಂದು ಈ ರಾಜ್ಯದಲ್ಲಿ, ನಾಳೆ ಆ ರಾಜ್ಯದಲ್ಲಿ ಇರುವನು; ಗಾಳಿಗಂತೂ ಯಾವ ಗಡಿಯೂ ಇಲ್ಲ.

ಜಮೀನುದಾರರಿಗೆ ಕಡೆಯ ಮಾತು. ಡ್ರೋನಿನಿಂದ ಹೆಚ್ಚು ಲಾಭವಾಗುವದು ಹೆಚ್ಚು ಭೂಮಿಯುಳ್ಳವರಿಗೆ. ಅದರ ಸೋಂಕಿನಿಂದ ಹೆಚ್ಚು ನಷ್ಟವಾಗುವದು ಬದುವಿನಾಚೆಯ ಎರಡು ಎಕರೆಯವನಿಗೆ. ಪುಸ್ತಕದ ಮೊದಲನೆಯ ಹಾಳೆಯಲ್ಲಿ ಮೊದಲನೆಯ ಸಹಿಯು ಊರಿನ ದೊಡ್ಡ ಹಿಡುವಳಿದಾರನದಾದರೆ, ಉಳಿದವರು ತಾವಾಗಿಯೇ ಹಿಂಬಾಲಿಸುವರು. ಈ ಹಂಗಾಮಿನ ಸಿಂಪರಣೆ ಆರಂಭವಾಗುವ ಮುನ್ನ ಗ್ರಾಮಸಭೆಯನ್ನು ಕರೆಯಿರಿ. ಠರಾವನ್ನು ಬರೆಯುವಾಗ ಇಲಾಖೆಯವರನ್ನು ಕರೆದರೆ ಬರುವೆವು. ನಾನಂತೂ ಬಂದು, ಈ ಸಲ ಗಾಳಿಯ ವಿಷಯದಿಂದಲೇ ಮಾತನ್ನು ಆರಂಭಿಸುವೆನು.